ಓದದೆ ದಾಟಿದ ಎರಡು ಸಾಲು

ಫೆಬ್ರವರಿ 9

ಪ್ರೀತಿಯ ಗುಬ್ಬಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನೀನು ಹೇಗಿದ್ದೀಯ? ಕರೆಂಟಿನ ಕಂಬ ಹತ್ತಿ ಇಳಿಯುವ ಅಳಿಯಂದಿರು ಕೈಕಾಲು ಜೋಪಾನವಾಗಿ ಇಟ್ಟುಕೊಂಡಿದ್ದಾರೆಯೇ? ನಿಮ್ಮತ್ತೆಯವರ ಮಂಡಿನೋವು ಇಳಿಯಿತೇ? ನಿನ್ನ ಹೊಟ್ಟೆಯೊಳಗೆ ಬಂದು ಕೂತು ಮೂರು ತಿಂಗಳಾದ ಮಹಾಶಯರನ್ನೂ ಕೇಳಿದೆನೆಂದು ಹೇಳು. ಇಲ್ಲಿ ನಿನ್ನ ದೊಡ್ಡಮ್ಮನ ರಕ್ತದೊತ್ತಡ ಅವಳ ಬಾಯಿಯ ಹಾಗೆಯೇ, ಒಮ್ಮೆ ಏರಿದರೆ ಇಳಿಯುವುದು ಕಷ್ಟ. ನನಗೆ ಕಿವಿಯೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಸರಿಯಿದೆ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಅರ್ಧ ಕೇಳಿಸಲಿಲ್ಲ, ಉಳಿದರ್ಧಕ್ಕೆ ಸುಮ್ಮನೆ ಹೂಂಗುಟ್ಟಿದೆ. ಅದಕ್ಕೇ ಕಾಗದ ಬರಿ ಅಂದಿದ್ದು.

ನಿನ್ನಮ್ಮನಿಗೆ ಬರೆದ ಕಾಗದವನ್ನು ಹಿಂದಿನ ಕೋಣೆಗೆ ಹೋಗಿ ಓದಿ ಹೇಳಿದೆ. ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. 'ವಾಂತಿ ತಡೆಯೋಕಾಗ್ತಿಲ್ಲ' ಎಂದು ನೀನು ಬರೆದದ್ದನ್ನು 'ಸ್ವಲ್ಪ ವಾಂತಿ' ಎಂದು ಓದಿದೆ. ಕೋಪಿಸಿಕೊಳ್ಳಬೇಡ, ನನ್ನ ಅಭ್ಯಾಸ ನಿನಗೆ ಗೊತ್ತಲ್ಲ. ಈ ಬೀದಿಗೆ ನಾಲ್ವತ್ತು ವರ್ಷ ಕಾಗದ ಓದಿದವನು ನಾನು. ಬಿಸಿನೀರು ಹಚ್ಚಿ ಮೆದು ಮಾಡದೆ ಗಡ್ಡಕ್ಕೆ ಕತ್ತಿ ಇಡಬಾರದು, ಕೆಟ್ಟ ಸುದ್ದಿಗೂ ಹಾಗೇ. ಶಾಲೆ ಮೆಟ್ಟಿಲು ಹತ್ತದೆ, ಗಿರಾಕಿಗಳು ಬಿಟ್ಟುಹೋದ ಪೇಪರಿನಲ್ಲಿ ಓದು ಕಲಿತ ಕ್ಷೌರದವನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದೇ ಆ ಮೆದುವಿನಿಂದ.

ಇನ್ನು ಆಗಸ್ಟಿನ ಮಾತು. ಹೆರಿಗೆಗೆ ಬಾ ಎಂದು ಕರೆದದ್ದಕ್ಕೆ ನಿನ್ನಮ್ಮ, "ಹೊಲಿಗೆ ರಾಶಿ ಬಿದ್ದಿದೆ ಭಾವ, ನೋಡೋಣ" ಅಂದಳು. ಆರು ತಿಂಗಳಾಚೆಯ ಹೆರಿಗೆಗೆ ಈಗಿನ ಗುಂಡಿ ಅಡ್ಡ ಬರುತ್ತದೆಯೇ? ನನಗೂ ತಿಳಿಯಲಿಲ್ಲ. ನೀನೇ ಇನ್ನೊಮ್ಮೆ ಕೇಳು. ಬೇಗ ಬರಿ.

ನಿನ್ನ,
ದೊಡ್ಡಪ್ಪ


ಫೆಬ್ರವರಿ 27

ದೊಡ್ಡಪ್ಪನಿಗೆ ನಮಸ್ಕಾರ.

ವಾಂತಿ ಈಗ ನಿಜವಾಗಿಯೂ 'ಸ್ವಲ್ಪ'. ನಿಮ್ಮ ಬಾಯಿಂದ ಬಂದದ್ದು ನಿಜವಾಯಿತು ನೋಡಿ!

ಡಾಕ್ಟರು ಮೊನ್ನೆ ನನ್ನ ರಕ್ತದ ರಿಪೋರ್ಟು ನೋಡಿ ನಕ್ಕರು. ಎಚ್‌ಐವಿ ವೈರಸ್ಸು ಲೆಕ್ಕಕ್ಕೇ ಸಿಗದಷ್ಟು ಕಡಿಮೆಯಂತೆ. ಮಾತ್ರೆ ತಪ್ಪಿಸದಿದ್ದರೆ ಮಗುವಿಗೆ ತಗಲುವ ಭಯ ಹೆಚ್ಚುಕಮ್ಮಿ ಇಲ್ಲ. ಹುಟ್ಟಿದ ಮೇಲೆ ಮಗುವಿಗೆ ಕೆಲವು ವಾರ ಔಷಧಿಯ ಹನಿ, ಆರನೇ ವಾರಕ್ಕೆ ಮೊದಲ ಪರೀಕ್ಷೆ. ಆಪ್ತಸಮಾಲೋಚನೆ ಕೋಣೆಯಲ್ಲಿ ಕೂತು ದಿನಕ್ಕೆ ಹತ್ತು ಬಸುರಿಯರಿಗೆ ಇದನ್ನೇ ಹೇಳುವವಳು ನಾನು. ಆದರೂ ಮೇಜಿನ ಆಚೆ ಬದಿ ಕೂತು ಕೇಳಿದಾಗ, ಇನ್ನೊಮ್ಮೆ ಹೇಳಿ ಎಂದೆ.

ಅಮ್ಮನಿಗೆ ನೆರೆಮನೆಯವರ ಫೋನಿನಲ್ಲಿ ಕೇಳಿದೆ. ಹೊಲಿಗೆಯೂ ಇಲ್ಲ, ಏನೂ ಇಲ್ಲ ದೊಡ್ಡಪ್ಪ. "ನನ್ನ ಹೊಟ್ಟೆ ನಿನಗೆ ಏನು ಕೊಡ್ತು ಗೊತ್ತಲ್ಲ, ಆ ಮಗೂನ ನಾನು ಮುಟ್ಟಲ್ಲ ಕಣೆ" ಅಂದಳು. ಮುಟ್ಟಿದರೆ ಬರುವುದಿಲ್ಲ ಎಂದು ಅವಳಿಗೆ ನಾನು ಹೇಳಿಕೊಡಬೇಕೇ? ಇಪ್ಪತ್ತು ವರ್ಷದಿಂದ ಮಾತ್ರೆ ನುಂಗುವವಳು, ಎಲ್ಲ ಬಲ್ಲಳು. ಕಾಯಿಲೆಯ ಭಯವಲ್ಲ ಅದು. ತಾನೇ ಎಲ್ಲ ಹಾಳು ಮಾಡಿದೆ ಅನ್ನುವ ಕೊರಗು. "ಆಗ ಯಾರಾದ್ರೂ ಒಂದು ಮಾತು ಹೇಳಿದ್ರೆ ಆಸ್ಪತ್ರೆಗೆ ಓಡ್ತಿದ್ದೆ, ನನಗೇ ಬುದ್ಧಿ ಇರಲಿಲ್ಲ" ಎಂದು ಅತ್ತಳು.

ನಾನು ಹುಟ್ಟುವ ಕಾಲಕ್ಕಾಗಲೇ ಒಂದು ಮಾತ್ರೆ ಇತ್ತು. ನೋವು ಶುರುವಾದಾಗ ತಾಯಿಗೆ ಒಂದು, ಹುಟ್ಟಿದ ಮಗುವಿಗೆ ನಾಲ್ಕು ಹನಿ. ನೂರಕ್ಕೆ ನೂರಲ್ಲ, ಆದರೆ ಅರ್ಧಕ್ಕರ್ಧ ಮಕ್ಕಳು ಬಚಾವಾಗುತ್ತಿದ್ದವು. ನಮ್ಮ ಹಿರಿಯ ನರ್ಸು ಒಬ್ಬರು ಆ ದಿನಗಳಲ್ಲಿ ಹೆದ್ದಾರಿ ಪಕ್ಕದ ಡ್ರೈವರುಗಳ ಕ್ಯಾಂಪಿನಲ್ಲಿ ಇದ್ದವರು. ಮನೆಯಲ್ಲಿ ಬಸುರಿ ಹೆಂಡತಿ ಇದ್ದಾಳೆಂದು ತಿಳಿದರೆ ಆಕೆಗೆ ಕಾಯಿಲೆಯ ಹೆಸರೆತ್ತದೆ ಒಂದು ಕಾಗದ ಬರೆಯುತ್ತಿದ್ದರಂತೆ. ಅಪ್ಪ ಲಾರಿ ಓಡಿಸುತ್ತಿದ್ದದ್ದು ಅದೇ ದಾರಿಯಲ್ಲಿ ಅಲ್ಲವೇ? ನಮ್ಮ ಮನೆಗೆ ಅಂಥ ಕಾಗದ ಬಂದಿರಲಿಲ್ಲವೇ? ಬಂದಿದ್ದರೆ ಓದುತ್ತಿದ್ದವರು ನೀವೇ, ನಿಮಗೆ ನೆನಪಿರುತ್ತದೆ.

ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು ತಿಂಗಳು ತಿಂಗಳೂ ಔಷಧಿಗೆ ಕರೆದೊಯ್ದವರು ನೀವು. ಅಮ್ಮ ನಿಮ್ಮ ಮಾತು ತೆಗೆದುಹಾಕುವುದಿಲ್ಲ. ಸ್ವಲ್ಪ ಹೇಳಿ ನೋಡಿ.

ಇಂತಿ ನಿಮ್ಮ,
ಗುಬ್ಬಿ


ಮಾರ್ಚ್ 8

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದ ತಲುಪಿತು. ರಿಪೋರ್ಟಿನ ವಿಷಯ ಕೇಳಿ ನಿನ್ನ ದೊಡ್ಡಮ್ಮ ಕಣ್ಣೊರೆಸಿಕೊಂಡಳು. ಇಲ್ಲಿ ಬಿಸಿಲು ಜಾಸ್ತಿ. ಅಂಗಡಿಯ ದೊಡ್ಡ ಕನ್ನಡಿಯ ಮೊಳೆ ಸಡಿಲಾಗಿದೆ, ಇಳಿಸಿ ಮತ್ತೆ ಹಾಕಬೇಕು. ಇಷ್ಟು ವರ್ಷ ಗೋಡೆಯಲ್ಲೇ ಇದ್ದ ಕನ್ನಡಿ ಇಳಿಸುವುದೆಂದರೆ ಕೈ ಬರುತ್ತಿಲ್ಲ.

ನೀನು ಕೇಳಿದ ಹಳೆಯದೆಲ್ಲ ನನಗೆ ನೆನಪಿಲ್ಲಮ್ಮ. ಎಷ್ಟೋ ಕಾಗದ ಬರುತ್ತಿದ್ದವು. ಮೈ ನೋಡಿಕೋ.

ದೊಡ್ಡಪ್ಪ


ಏಪ್ರಿಲ್ 2

ಗುಬ್ಬೀ,

ಹೋದ ಕಾಗದದಲ್ಲಿ ನಾನು ಬರೆದದ್ದು ಸುಳ್ಳು. ನೆನಪಿದೆ. ಒಂದೊಂದು ಸಾಲೂ ನೆನಪಿದೆ. ಕಾಗದ ಬಂದಿತ್ತು.

ಮೂರು ವಾರ ಈ ಹಾಳೆಯನ್ನು ಅಂಗಡಿಯ ಡ್ರಾಯರಿನಲ್ಲಿ ಕತ್ತರಿಯ ಕೆಳಗೆ ಇಟ್ಟುಕೊಂಡು ಓಡಾಡಿದ್ದೇನೆ. ಮೆದು ಮಾಡಿ ಬರೆಯಲು ನೋಡಿದೆ. ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನೀನು ಆಗ ನಿನ್ನಮ್ಮನ ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ನಿಮ್ಮಪ್ಪ ಟ್ರಿಪ್ಪು ಮುಗಿಸಿ ಬಂದವನು ಮನೆಗೆ ಹೋಗುವ ಮುಂಚೆ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. ನೊರೆ ಹಚ್ಚಿದೆ. ಒಂದು ಕೆನ್ನೆ ಆಗಿತ್ತು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಅಣ್ಣಾ, ಬ್ಲೇಡು ಆಮೇಲೆ ಎಸೆದುಬಿಡು. ನನ್ನ ರಕ್ತದಲ್ಲಿ ಅದು ಬಂದಿದೆ ಅಂತೆ" ಅಂದ. ನನ್ನ ಕೈ ನಿಂತುಹೋಯಿತು. "ಅವಳಿಗೆ?" ಅಂದೆ. "ನಾನೇ ಹೇಳ್ತೀನಿ. ಮುಂದಿನ ಟ್ರಿಪ್ ಮುಗಿಸಿ ಬಂದು ಹೇಳ್ತೀನಿ. ನೀನು ಬಾಯಿ ಬಿಡಬೇಡ, ನನ್ನಾಣೆ." ಇನ್ನೊಂದು ಕೆನ್ನೆ ಮುಗಿಸಿದೆ. ಅವನು ಎದ್ದು ಹೋದ. ಮುಂದಿನ ಟ್ರಿಪ್ಪಾಯಿತು, ಅದರ ಮುಂದಿನದೂ ಆಯಿತು. ಅವನು ಹೇಳಲಿಲ್ಲ.

ಆಗ ನನ್ನ ಅಂಗಡಿ ಹೇಗಿತ್ತು ಗೊತ್ತೇ? ಅದೇ ವರ್ಷ ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಂಡ ಆರೋಗ್ಯ ಇಲಾಖೆಯವರು ಬಂದು, 'ಪ್ರತಿ ಗಿರಾಕಿಗೂ ಹೊಸ ಬ್ಲೇಡು' ಎಂದು ದೊಡ್ಡ ಪೋಸ್ಟರು ಅಂಟಿಸಿದ್ದರು. ಗಿರಾಕಿಯ ಕಣ್ಣೆದುರೇ ಬ್ಲೇಡಿನ ಕವರು ಬಿಚ್ಚಿ ಎರಡು ತುಂಡು ಮಾಡುತ್ತಿದ್ದೆ. ಕನ್ನಡಿ ಕೆಳಗೆ ಕಾಂಡೋಮಿನ ಡಬ್ಬಿ. ಗಂಡಸರು ಬಾಚಣಿಗೆ ಹುಡುಕುವವರ ಹಾಗೆ ನಟಿಸುತ್ತ ಅದರೊಳಗೆ ಕೈ ಹಾಕುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ. ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಎಲ್ಲ ಬಾಯಿಪಾಠ ಮಾಡಿ ಭಾಷಣ ಬಿಗಿಯುತ್ತಿದ್ದೆ. ಜನ 'ಹೊಸ ಬ್ಲೇಡಣ್ಣ' ಅಂತಲೇ ಕರೆಯತೊಡಗಿದರು. ಇಲಾಖೆಯವರು ಕಟ್ಟು ಹಾಕಿಸಿ ಪ್ರಶಸ್ತಿಪತ್ರ ಕೊಟ್ಟರು. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಇದೇ.

ಕಾಗದ ಬಂದದ್ದು ಹೊಟ್ಟೆಯಲ್ಲಿ ನಿನಗೆ ಆರು ತಿಂಗಳು ತುಂಬಿದಾಗ. ನಿನ್ನಮ್ಮನ ಹೆಸರಿಗೆ. ಅವಳು ಅದನ್ನು ಒದ್ದೆ ಕೈಯಲ್ಲಿ ತುದಿ ಹಿಡಿದುಕೊಂಡು ಅಂಗಡಿಗೆ ಬಂದಳು. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳಿದ್ದರು. "ಏನಂತೆ ಭಾವ, ಓದಿ" ಅಂದಳು. ಹದಿಮೂರು ಸಾಲು. ಚೆನ್ನಾಗಿ ತಿನ್ನಿ, ಭಾರ ಎತ್ತಬೇಡಿ, ಕಬ್ಬಿಣದ ಮಾತ್ರೆ ನುಂಗಿ, ಇಂಥ ವಾರ ಬಂದು ತೋರಿಸಿ. ಬೆರಳಿಟ್ಟು ಓದುತ್ತಾ ಹೋದೆ. ಒಂಬತ್ತನೇ ಸಾಲಿಗೆ ಬೆರಳು ಬಂತು. 'ನೀವೂ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.' ಹತ್ತನೇದು, 'ಬೇಗ ಬಂದರೆ ಮಗುವಿಗೆ ತಗಲದಂತೆ ಔಷಧಿ ಇದೆ.'

ನನ್ನ ಬೆರಳು ಹನ್ನೊಂದನೇ ಸಾಲಿಗೆ ಹೋಯಿತು.

ತಮ್ಮನ ಆಣೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಬೆಂಚಿನ ಮೇಲಿದ್ದವರು ನನ್ನ ಮುಖ ನೋಡುತ್ತಿದ್ದರು. ಆ ಕಾಯಿಲೆ ಇರುವ ಮನೆಯ ಕ್ಷೌರದವನ ಕೈಗೆ ಯಾರು ತಲೆ ಕೊಡುತ್ತಾರೆ? ಅದೇ ಮೊದಲು ಬಂದ ಯೋಚನೆ. ನಿನ್ನ ಯೋಚನೆ ಆಮೇಲೆ ಬಂತು. ಅವತ್ತು ಸಂಜೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಹೇಗೂ ಹೇಳುತ್ತಾರೆ ಅಂದುಕೊಂಡೆ. ನೀನು ಎಂಟೂವರೆ ತಿಂಗಳಿಗೇ, ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿಬಿಟ್ಟೆ. ಗುಬ್ಬಿಮರಿಯಷ್ಟಿದ್ದೆ.

ನಿನಗೆ ಎರಡು ತುಂಬುವಾಗ ನಿಮ್ಮಪ್ಪ ಹೋದ. ಮೂರಕ್ಕೆ ನಿನಗೆ ಮೇಲಿಂದ ಮೇಲೆ ಜ್ವರ ಬಂದು, ಪರೀಕ್ಷೆಯಾಗಿ, ಆಗ ನಿನ್ನಮ್ಮನಿಗೆ ತನ್ನದೂ ನಿನ್ನದೂ ಒಟ್ಟಿಗೇ ತಿಳಿಯಿತು. ಹೊಟ್ಟೆ ಹೊಟ್ಟೆ ಹೊಡೆದುಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತು, "ನಿನ್ನದೇನು ತಪ್ಪು, ನಿನಗೇನು ಗೊತ್ತಿತ್ತು" ಎಂದು ನೀರು ಕುಡಿಸಿದೆ. ಸೈಕಲ್ಲಿನಲ್ಲಿ ನಿನ್ನನ್ನು ಔಷಧಿಗೆ ಕರೆದೊಯ್ದದ್ದನ್ನು ಇಡೀ ಬೀದಿ ಹೊಗಳಿತು. ನೀನೂ ಬರೆದಿದ್ದೀಯ. ಬರೆಯಬೇಡ.

ಆ ಕಾಗದ ಹರಿದುಹಾಕಲು ಕೈ ಬರಲಿಲ್ಲ. ಅಂಗಡಿಯ ಕನ್ನಡಿಯ ಬೆನ್ನಿಗೆ ಹಾಕಿದ ರಟ್ಟಿನೊಳಗೆ ಇಟ್ಟೆ. ನಿನ್ನೆ ಕನ್ನಡಿ ಇಳಿಸಿದೆ. ಹಾಗೇ ಇದೆ.

ಕ್ಷಮಿಸು ಅಂತ ಬರೆಯಲು ನನಗೆ ಬಾಯಿಲ್ಲ. ನಿನಗೆ ಹೇಳದೆ ನಿನ್ನ ಮಗುವಿಗೆ ಆಶೀರ್ವಾದ ಮಾಡಲಾಗದು, ಅಷ್ಟೇ.

ದೊಡ್ಡಪ್ಪ


ಮೇ 11

ದೊಡ್ಡಪ್ಪ,

ಐದು ವಾರದಲ್ಲಿ ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು. ಆರೋಗ್ಯವಾಗಿದ್ದೇನೆ. ಮಗು ಒದೆಯುತ್ತದೆ.

ಆಸ್ಪತ್ರೆಯಲ್ಲಿ ನನ್ನೆದುರು ಕೂರಲು ನಿಮ್ಮಂಥವರು ದಿನವೂ ಬರುತ್ತಾರೆ. ಮುಚ್ಚಿಟ್ಟ ಗಂಡ, ಮುಚ್ಚಿಟ್ಟ ಅತ್ತೆ, ಮುಚ್ಚಿಟ್ಟ ಅಣ್ಣ. ಅವರನ್ನು ಬೈಯುವುದಿಲ್ಲ ನಾನು. ಭಯಕ್ಕೆ ಹಾಗೆ ಮಾಡಿದ್ದಾರೆ, ಈಗ ಏನು ಮಾಡೋಣ ಹೇಳಿ ಎಂದು ಕೇಳುತ್ತೇನೆ. ಅದು ನನ್ನ ಕೆಲಸ. ನಿಮ್ಮ ಕಾಗದ ಓದಿದ ದಿನ ಆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ, ರಜೆ ಬರೆದು ಮನೆಗೆ ಬಂದೆ. ಸೈಕಲ್ಲಿನಲ್ಲಿ ನನ್ನ ನೆತ್ತಿಗೆ ಟವೆಲ್ಲು ಹೊದಿಸುತ್ತಿದ್ದ ಕೈಯೂ ಆ ಸಾಲು ದಾಟಿದ ಬೆರಳೂ ಒಬ್ಬರದೇ ಎಂದು ನನ್ನ ತಲೆಗೆ ಹೋಗುತ್ತಿಲ್ಲ. ಒಬ್ಬರನ್ನು ಬೈಯಲು ಹೋದರೆ ಇನ್ನೊಬ್ಬರು ಎದುರು ಬಂದು ನಿಲ್ಲುತ್ತಾರೆ.

ನಿಮ್ಮ ಕಾಗದವನ್ನು ಇದರೊಳಗೆ ವಾಪಸು ಇಟ್ಟಿದ್ದೇನೆ. ಇದು ನನಗೆ ಬರೆಯಬೇಕಾದದ್ದಲ್ಲ, ಅಮ್ಮನಿಗೆ ಬರೆಯಬೇಕಾದದ್ದು. ಅವಳಿಗೆ ಓದಲು ಬರುವುದಿಲ್ಲ. ನಾನು ಫೋನಿನಲ್ಲಿ ಹೇಳುವುದಿಲ್ಲ. ನೀವೇ ಓದಿ ಹೇಳಿ. ಮೆದು ಮಾಡಬೇಡಿ.

ಗುಬ್ಬಿ


ಮೇ 20

ಗುಬ್ಬಿಗೆ,

ಓದಿದೆ. ಭಾನುವಾರ ಬೆಳಿಗ್ಗೆ, ಅಂಗಡಿ ಬಾಗಿಲು ಹಾಕಿ ಹೋದೆ. ನಡೆದದ್ದನ್ನು ಬರೆಯುತ್ತೇನೆ, ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ.

ನಿನ್ನಮ್ಮ ಕಿಟಕಿಯ ಬೆಳಕಿಗೆ ಕೂತು ಯಾವುದೋ ಶಾಲೆಯ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಕೈಯಲ್ಲಿ ಕಾಗದ ನೋಡಿ ಮುಖ ಅರಳಿತು.

"ಗುಬ್ಬಿ ಕಾಗದಾನಾ ಭಾವ?"

"ಗುಬ್ಬಿ ಕಳಿಸಿದ್ದು. ಬರೆದಿದ್ದು ನಾನು."

"ಇದೊಳ್ಳೆ ತಮಾಷೆ. ನೀವು ಬರೆದು ಅವಳಿಗೆ ಕಳಿಸಿ, ಅವಳು ನಿಮಗೆ ಕಳಿಸಿ, ನೀವು ಬಂದು ನನಗೆ ಓದೋದಾ? ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ಆಗ್ತಿತ್ತು" ಅಂದೆ. "ಹೇಳಲಿಲ್ಲ. ಈಗ ಓದ್ತೀನಿ, ಮಧ್ಯದಲ್ಲಿ ತಡೀಬೇಡ."

ನೊರೆ ಹಚ್ಚಿದ ಕೆನ್ನೆಯ ಹತ್ತಿರ ಬರುವಾಗ ಸೂಜಿ ನಿಂತಿತು. ಹದಿಮೂರು ಸಾಲಿನ ಹತ್ತಿರ ಬರುವಾಗ ಲಂಗ ಮಡಿಲಿಂದ ಜಾರಿತು. ಎತ್ತಿಕೊಳ್ಳಲಿಲ್ಲ. ನಾನು ಓದಿ ಮುಗಿಸಿದೆ.

"ಇನ್ನೊಂದ್ಸಲ ಓದಿ" ಅಂದಳು.

ಓದಿದೆ.

"ಆ ಹಳೇ ಕಾಗದ ಎಲ್ಲಿ?"

ಕೊಟ್ಟೆ. ಸೂಜಿಯ ಮೊನೆಯಲ್ಲಿ ಸಾಲು ಎಣಿಸಿದಳು. ಹದಿಮೂರು. "ಯಾವ ಎರಡು?" ತೋರಿಸಿದೆ. ಅದನ್ನೇ ನೋಡಿದಳು, ನೋಡಿದರೆ ಮಾತಾಡೀತು ಅನ್ನುವ ಹಾಗೆ.

"ಇದೇ ಆ ಎರಡು ಸಾಲು ಅಂತಾನೂ ನೀವೇ ಹೇಳ್ಬೇಕು. ನಾನು ನಂಬ್ಬೇಕು."

ನಾನು ಆ ಸಾಲುಗಳ ಮೇಲಿಂದ ಬೆರಳು ತೆಗೆದೆ.

"ಇಷ್ಟು ವರ್ಷ ನನ್ನ ಹೊಟ್ಟೇನ ನಾನೇ ಬೈಕೊಂಡೆ ಭಾವ. ನೀವು ಪಕ್ಕದಲ್ಲಿ ಕೂತು ಕೇಳಿಸಿಕೊಂಡ್ರಿ. ನೀರು ಬೇರೆ ಕುಡಿಸಿದ್ರಿ." ಕೂಗಲಿಲ್ಲ ಗುಬ್ಬಿ. ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು. ಜಾರಿದ ಲಂಗ ಎತ್ತಿ ಮಡಚಿಟ್ಟು, "ನನಗೆ ಅಕ್ಷರ ಕಲಿಸಿ" ಅಂದಳು.

"ಯಾರಾದ್ರೂ ಟೀಚರಿಗೆ ಹೇಳಿ..."

"ಟೀಚರು ನನಗೆ ಸುಳ್ಳು ಓದಿಲ್ಲ. ಗಂಟು ಹಾಕಿದವರೇ ಬಿಚ್ಚಬೇಕು. ನಾಳೆಯಿಂದ ಬನ್ನಿ, ಹೊಸಿಲ ಆಚೆ ಕೂತ್ಕೊಳ್ಳಿ. ಈ ಎರಡು ಸಾಲು ನಾನೇ ಓದಿದ ದಿನ ಮಗಳ ಹತ್ರ ಹೋಗ್ತೀನಿ. ಅಲ್ಲೀತನಕ ಇಲ್ಲ."

ನಿನ್ನ ದಿನ ತುಂಬುವುದಕ್ಕೆ ಹದಿಮೂರೇ ವಾರ. ಆ ಸಾಲುಗಳಲ್ಲಿ ಎಷ್ಟು ಒತ್ತಕ್ಷರ ಇವೆ ಎಂದು ಬಂದು ನೆನಪಿನಿಂದಲೇ ಎಣಿಸಿದೆ.

ಮೊದಲನೇ ದಿನ ಆಗಿದೆ. ಅ, ಆ, ಇ. ಬೇರೆ ಮಾತಿಲ್ಲ. ದೊಡ್ಡಮ್ಮನಿಗೂ ಹೇಳಿದೆ. ಅವಳು ಊಟ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ.

ದೊಡ್ಡಪ್ಪ


ಜುಲೈ 30

ಗುಬ್ಬಿಗೆ,

ನಿನ್ನಿಂದ ಎರಡು ತಿಂಗಳಿಂದ ಕಾಗದವಿಲ್ಲ. ನೀನು, ಅಳಿಯಂದಿರು, ನಿಮ್ಮತ್ತೆ ಎಲ್ಲ ಕ್ಷೇಮವೆಂದು ನೆರೆಮನೆಯ ಫೋನಿನಿಂದ ನಿನ್ನಮ್ಮನಿಗೆ ತಿಳಿದದ್ದು ದೊಡ್ಡಮ್ಮನ ಮೂಲಕ ನನಗೆ ತಿಳಿಯುತ್ತದೆ. ಸಾಕು. ನೀನು ಬರೆಯಲೇಬೇಕೆಂದು ಕೇಳುವ ಸ್ಥಾನದಲ್ಲಿ ನಾನಿಲ್ಲ.

ಈ ಕಾಗದ ನಿನ್ನ ಕೈ ಸೇರುವ ಮುಂಚೆ ನಿನ್ನಮ್ಮ ಬಂದಿರುತ್ತಾಳೆ.

ಹತ್ತು ವಾರ ದಿನ ಬಿಡದೆ ಹೊಸಿಲ ಆಚೆ ಮಣೆ ಹಾಕಿಕೊಂಡು ಕೂತೆ. ಅವಳು ಒಳಗೆ, ಮಧ್ಯದಲ್ಲಿ ಸ್ಲೇಟು. ನಾನು 'ಕ' ಅಂದರೆ ಒಪ್ಪುವವಳಲ್ಲ. ಸ್ಲೇಟು ಎತ್ತಿಕೊಂಡು ಎದುರಿನ ಔಷಧಿ ಅಂಗಡಿಗೆ ಹೋಗಿ, "ಇದು 'ಕ' ಹೌದಾ?" ಎಂದು ಕೇಳಿ ಬರುತ್ತಿದ್ದಳು. ಅವನು ಒಂದಿನ ನಗುತ್ತ, "ಯಾಕಮ್ಮ, ಮೇಷ್ಟ್ರ ಮೇಲೆ ನಂಬಿಕೆ ಇಲ್ವಾ?" ಅಂದನಂತೆ. "ಇತ್ತು" ಅಂದಳಂತೆ. ಅವನೇ ನನಗೆ ಹೇಳಿದ, ತಮಾಷೆ ಎಂದುಕೊಂಡು.

ನಾಲ್ಕನೇ ವಾರ ಅಂಗಡಿಗೆ ಬಂದು ಬಾಗಿಲಲ್ಲಿ ನಿಂತಳು. ಗೋಡೆಯ ಮೇಲೆ ಮಾಸಿದ ಪೋಸ್ಟರು. "ಪ್ರ... ತಿ. ಗಿ... ರಾ... ಕಿ..." ಎಂದು ಕೂಡಿಸಿಕೊಂಡು ಕೊನೆಯವರೆಗೆ ಓದಿದಳು. ಕುರ್ಚಿಯಲ್ಲಿದ್ದ ಗಿರಾಕಿ ಚಪ್ಪಾಳೆ ತಟ್ಟಿದ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಹೊರಟುಹೋದಳು. ಅದರ ಪಕ್ಕದಲ್ಲಿದ್ದ ಪ್ರಶಸ್ತಿಪತ್ರವನ್ನು ಅವತ್ತೇ ಇಳಿಸಿದೆ. ಪೋಸ್ಟರು ಬಿಟ್ಟಿದ್ದೇನೆ, ಅದು ಹೇಳುವುದು ಸುಳ್ಳಲ್ಲ. ಯಾಕಣ್ಣ ಇಳಿಸಿದೆ ಎಂದು ಕೇಳಿದವರಿಗೆ, ನನ್ನ ಮನೆಯಲ್ಲೇ ನಾನು ಹೇಳಬೇಕಾದ್ದನ್ನು ಹೇಳಲಿಲ್ಲ ಎಂದೆ. ನಿನ್ನಮ್ಮನ ವಿಷಯ ಅವಳದು, ಅದನ್ನು ಎತ್ತಲಿಲ್ಲ. ಮೂರು ಜನ ಗಿರಾಕಿಗಳು ಆಮೇಲೆ ಬಂದಿಲ್ಲ. ಹಾಗಾಗುತ್ತದೆ ಎಂದು ಹೆದರಿ ಏನು ಮಾಡಿದೆನೋ ನೋಡು. ಮೂರೇ ಜನ.

'ರಕ್ತ' ಅನ್ನುವ ಪದಕ್ಕೇ ಒಂದು ವಾರ ಹೋಯಿತು. ಆ 'ಕ್ತ'ದ ಹತ್ತಿರ ಬಂದು ನಿಲ್ಲುತ್ತಿದ್ದಳು. ನನಗೆ ತಡೆಯದೆ ಒಮ್ಮೆ ಹೇಳಿಕೊಡಲು ಬಾಯಿ ತೆರೆದೆ. "ನೀವು ಹೇಳ್ಬೇಡಿ" ಅಂದಳು.

ಮೊನ್ನೆ ಮಂಗಳವಾರ ಸ್ಲೇಟು ತರಲಿಲ್ಲ. ಹಳೇ ಕಾಗದ ತಂದಳು. ಒಂಬತ್ತನೇ ಸಾಲಿನ ಮೇಲೆ ಬೆರಳಿಟ್ಟಳು. ಬಿಡಿಸಿ ಬಿಡಿಸಿ, ಎಡವಿದಲ್ಲಿ ಮತ್ತೆ ಹಿಂದಕ್ಕೆ ಬಂದು, ಎರಡೂ ಸಾಲು ಓದಿದಳು. 'ಔಷಧಿ ಇದೆ' ಅನ್ನುವಲ್ಲಿಗೆ ಬಂದು ಬೆರಳು ಎತ್ತಲಿಲ್ಲ. ಅಲ್ಲೇ ಒತ್ತಿಹಿಡಿದು ಅತ್ತಳು. ನಾನು ಹೊಸಿಲ ಆಚೆಯೇ ಕೂತಿದ್ದೆ. ನೀರು ತಂದುಕೊಡಲು ಏಳಲಿಲ್ಲ. ಆ ಹಕ್ಕು ನನಗಿಲ್ಲ ಎಂದು ಗೊತ್ತಿತ್ತು. ಆಮೇಲೆ ಅವಳು ಕಾಗದ ಮಡಚಿ, ಮೂಗು ಒರೆಸಿಕೊಂಡು, "ನನ್ನ ಹೊಟ್ಟೆ ಅಲ್ಲ" ಅಂದಳು. ನನಗಲ್ಲ, ಗೋಡೆಗೆ.

ಇವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೊರಟಳು. ಚೀಲ ಹಿಡಿದುಕೊಂಡು ದೊಡ್ಡಮ್ಮ ಜೊತೆಗೆ, ನಾನು ಹತ್ತು ಹೆಜ್ಜೆ ಹಿಂದೆ. ಐದಾರು ಬಸ್ಸು ನಿಂತಿದ್ದವು. ಯಾವುದು ಎಂದು ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಂದೊಂದರ ಹಣೆಯನ್ನೂ ತಲೆಯೆತ್ತಿ ಓದುತ್ತಾ ಹೋದಳು. ಒಂದರ ಮುಂದೆ ನಿಂತಳು, ತುಟಿ ಆಡಿಸಿದಳು, ಹತ್ತಿದಳು. ಸರಿಯಾದ ಬಸ್ಸೇ.

'ಹೋಗಿ ಬರ್ತೀನಿ ಭಾವ' ಅಂತ ಅನ್ನಲಿಲ್ಲ. ಅನ್ನುತ್ತಾಳೆಂದು ಕಾದದ್ದು ನನ್ನ ದುರಾಸೆ.

ಹೆರಿಗೆ ಸಲೀಸಾಗಲಿ. ಆರನೇ ವಾರದ ರಿಪೋರ್ಟು ಬಂದ ದಿನ ನೀನು ಬರೆಯದಿದ್ದರೂ ಪರವಾಗಿಲ್ಲ, ನಿನ್ನಮ್ಮನ ಕೈಯಲ್ಲಿ ಬರೆಸು. ಅಕ್ಷರ ಸೊಟ್ಟಗಿರಲಿ, ಒತ್ತು ತಪ್ಪಲಿ. ಎರಡು ಸಾಲು ಸಾಕು, ನಾನು ಎರಡನ್ನೂ ಓದುತ್ತೇನೆ. ಬೇಗ ಬರೆಸು.

ದೊಡ್ಡಪ್ಪ